ಪ್ಯಾಂಕ್ರಿಯಾಸ್‌ನ ನ್ಯೂರೋಎಂಡೋಕ್ರೈನ್ ಗೆಡ್ಡೆ ಪೋರ್ಟಲ್ ವೇನ್‌ಗೆ ನುಗ್ಗಿದ್ದರೆ ಆಪರೇಷನ್ ಹೇಗೆ?

ಪ್ರಶ್ನೆ (ಸರ್ಜರಿ ಪಿಜಿ): ನಮಸ್ಕಾರ. ಪ್ಯಾಂಕ್ರಿಯಾಸ್‌ನ ಬಾಲದಲ್ಲಿ 6 ಸೆಂ.ಮೀ. ನ್ಯೂರೋಎಂಡೋಕ್ರೈನ್ ಗೆಡ್ಡೆ (ಹಾರ್ಮೋನ್ ಸ್ರವಿಸುವ ಬಗೆಯ ಕೋಶಗಳಿಂದ ಹುಟ್ಟುವಂಥದ್ದು), ಗ್ರೇಡ್ 2 (ಮಧ್ಯಮ ವೇಗದಲ್ಲಿ ಬೆಳೆಯುವಂಥದ್ದು). ಸ್ಪ್ಲೀನಿಕ್ ವೇನ್ (ಗುಲ್ಮದಿಂದ ರಕ್ತ ತರುವ ನಾಳ) ಪೂರ್ತಿ ತುಂಬಿ, ಗೆಡ್ಡೆಯ ತುದಿ ಪೋರ್ಟಲ್ ವೇನ್‌ಗೆ (ಲಿವರ್‌ಗೆ ರಕ್ತ ಒಯ್ಯುವ ದೊಡ್ಡ ನಾಳ) ಇಣುಕಿದೆ. ಲಿವರ್‌ನಲ್ಲಿ ಏನೂ ಇಲ್ಲ. ಇಂಥದ್ದಕ್ಕೆ ಕೈಹಾಕಬಹುದೇ?

ರೇಡಿಯಾಲಜಿ: ಮೊದಲು ನಾಳದೊಳಗೆ ಇರುವುದು ಗೆಡ್ಡೆಯೋ, ಬರೀ ಹೆಪ್ಪುಗಟ್ಟಿದ ರಕ್ತವೋ ನೋಡಿ. ಗೆಡ್ಡೆಯಾದರೆ ಸಿಟಿಯ ಆರ್ಟೀರಿಯಲ್ ಫೇಸ್‌ನಲ್ಲಿ ಕಾಂಟ್ರಾಸ್ಟ್ ಹೀರಿ ಬೆಳ್ಳಗೆ ಕಾಣುತ್ತದೆ, ನಾಳವೂ ಉಬ್ಬಿರುತ್ತದೆ. ಹೆಪ್ಪು ಕಾಂಟ್ರಾಸ್ಟ್ ಹೀರುವುದಿಲ್ಲ. ಜಠರದ ಸುತ್ತ ಉಬ್ಬಿದ ನಾಳಗಳಿವೆಯೇ ಎಂದೂ ಬರೆಸಿಕೊಳ್ಳಿ, ರಕ್ತಸ್ರಾವ ಶುರುವಾಗುವುದೇ ಅಲ್ಲಿ. ಲಿವರ್ ಕ್ಲೀನ್ ಎನ್ನುವ ಮೊದಲು ಗ್ಯಾಲಿಯಂ-68 ಡೋಟಾಟೇಟ್ ಪೆಟ್ (ಈ ಬಗೆಯ ಗೆಡ್ಡೆಗೆ ಅಂಟುವ ವಿಕಿರಣ ಔಷಧ ಕೊಟ್ಟು ಮಾಡುವ ಸ್ಕ್ಯಾನ್) ಮಾಡಿಸಲೇಬೇಕು.

ಎಚ್‌ಪಿಬಿ (ಲಿವರ್, ಪಿತ್ತನಾಳ, ಪ್ಯಾಂಕ್ರಿಯಾಸ್) ಸರ್ಜನ್: ಖಂಡಿತ ಕೈಹಾಕಬಹುದು. ಸಾಮಾನ್ಯ ಪ್ಯಾಂಕ್ರಿಯಾಸ್ ಕ್ಯಾನ್ಸರ್ ನಾಳದ ಗೋಡೆಯನ್ನೇ ಕೊರೆಯುತ್ತದೆ. ಇದು ಎಷ್ಟೋ ಸಲ ಗೋಡೆಗೆ ಅಂಟದೆ ಬೆರಳಿನ ಹಾಗೆ ಒಳಗೆ ಚಾಚಿರುತ್ತದೆ.

ಮೊದಲು ಸ್ಪ್ಲೀನಿಕ್ ಆರ್ಟರಿ ಕಟ್ಟಿ. ಗುಲ್ಮ ಕುಗ್ಗಿ, ಉಬ್ಬಿದ ನಾಳಗಳ ಒತ್ತಡ ಇಳಿಯುತ್ತದೆ. ಗೆಡ್ಡೆಯನ್ನು ಹಿಸುಕಿದರೆ ತುಣುಕು ಕಳಚಿ ನೇರ ಲಿವರ್‌ಗೆ ಹೋಗುತ್ತದೆ, ಆದ್ದರಿಂದ ಪೋರ್ಟಲ್ ಮತ್ತು ಸುಪೀರಿಯರ್ ಮೆಸೆಂಟರಿಕ್ (ಕರುಳಿನಿಂದ ರಕ್ತ ತರುವ) ವೇನ್‌ಗಳಿಗೆ ಲೂಪ್ (ಹಿಡಿತಕ್ಕೆ ಸುತ್ತುವ ಪಟ್ಟಿ) ಹಾಕುವ ತನಕ ಅದನ್ನು ಅಲುಗಾಡಿಸಬೇಡಿ. ತುದಿ ಎಲ್ಲಿದೆ ಎಂದು ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ನೋಡಿ, ಅದರ ಆಚೆಗೇ ಕ್ಲ್ಯಾಂಪ್ ಹಾಕಿ. ಸ್ಪ್ಲೀನಿಕ್ ವೇನ್ ಪೋರ್ಟಲ್ ವೇನ್‌ಗೆ ಸೇರುವ ಸಂಗಮದಲ್ಲಿ ನಾಳ ತೆರೆದು ಗೆಡ್ಡೆಯ ತುದಿಯನ್ನು ಸ್ಪ್ಲೀನಿಕ್ ವೇನ್ ಸಮೇತ ಒಂದೇ ತುಂಡಾಗಿ ತೆಗೆಯಿರಿ. ತೆರೆದದ್ದನ್ನು 5-0 ಅಥವಾ 6-0 ಪಾಲಿಪ್ರೊಪಿಲಿನ್‌ನಿಂದ ಅಡ್ಡವಾಗಿ ಹೊಲಿಯಿರಿ. ಉದ್ದಕ್ಕೆ ಹೊಲಿದರೆ ನಾಳ ಕಿರಿದಾಗುತ್ತದೆ.

ಪಿಜಿ: ಸರ್, ಗೋಡೆಗೇ ಅಂಟಿದ್ದರೆ?

ಎಚ್‌ಪಿಬಿ ಸರ್ಜನ್: ನಾಳದ ಆ ತುಂಡನ್ನೇ ಕತ್ತರಿಸಿ. ಸುಮಾರು 3 ಸೆಂ.ಮೀ. ತನಕ, ಮೆಸೆಂಟರಿಯ (ಕರುಳನ್ನು ಹಿಡಿದಿಡುವ ಪದರ) ಬುಡ ಬಿಡಿಸಿಕೊಂಡರೆ ಎರಡು ತುದಿಗಳು ಎಳೆತವಿಲ್ಲದೆ ಕೂಡುತ್ತವೆ. ಇನ್ನೂ ಉದ್ದವಾದರೆ ಗ್ರಾಫ್ಟ್ (ನಡುವೆ ಜೋಡಿಸುವ ಬೇರೆ ನಾಳದ ತುಂಡು) ಬೇಕು, ಎಡ ರೀನಲ್ ವೇನ್ ಅಥವಾ ಇಂಟರ್ನಲ್ ಜುಗುಲರ್ ಒದಗುತ್ತದೆ. ನಾಳ ತಿರುಚದಂತೆ ಕತ್ತರಿಸುವ ಮೊದಲೇ ಗೋಡೆಯ ಮೇಲೆ ಗುರುತು ಹಾಕಿ. ಗಂಟನ್ನು ಬಿಗಿಯಾಗಿ ಎಳೆಯದೆ ನಾಳದ ಗೋಡೆಯಿಂದ ಸ್ವಲ್ಪ ದೂರದಲ್ಲಿ ಹಾಕಿ: ರಕ್ತ ತುಂಬಿದಾಗ ನಾಳ ಅಗಲವಾಗಲು ಜಾಗ ಬೇಕು. ಈ ಒಂದು ವಿಷಯ ಮರೆತರೆ ಹೊಲಿಗೆಯ ಜಾಗ ಸೊಂಟ ಕಟ್ಟಿದಂತೆ ಕಿರಿದಾಗಿ, ಹೆಪ್ಪುಗಟ್ಟುತ್ತದೆ.

ಐಸಿಯು: ಮರುದಿನ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿ. ಲಿವರ್ ಎನ್‌ಜೈಮ್ ಏರಿ ಹೊಟ್ಟೆಯಲ್ಲಿ ನೀರು ತುಂಬತೊಡಗಿದರೆ ಪೋರ್ಟಲ್ ವೇನ್ ಮುಚ್ಚಿದೆಯೇ ಎಂದು ತಕ್ಷಣ ನೋಡಬೇಕು. 3ನೇ ದಿನ ಅಥವಾ ಅದರ ನಂತರ ಡ್ರೈನ್ ದ್ರವದ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದ ಒಂದು ಎನ್‌ಜೈಮ್), ರಕ್ತದ ಸಾಮಾನ್ಯ ಮೇಲ್ಮಿತಿಯ 3 ಪಟ್ಟು ದಾಟಿದರೆ ಪ್ಯಾಂಕ್ರಿಯಾಸ್ ರಸ ಸೋರುತ್ತಿದೆ ಎಂದರ್ಥ. ಆ ರಸ ಆರ್ಟರಿಯ ಗೋಡೆಯನ್ನು ತಿನ್ನಬಲ್ಲದು. ಹಾಗಾಗಿ ಡ್ರೈನ್‌ನಲ್ಲಿ ಚೂರೇ ರಕ್ತ ಕಂಡರೂ ಕಾಯಬೇಡಿ, ಸಿಟಿ ಆಂಜಿಯೋಗೆ ಕಳಿಸಿ. ಪ್ಯಾಂಕ್ರಿಯಾಸ್‌ನ ಬಾಲದ ಜೊತೆ ಗುಲ್ಮವನ್ನೂ ತೆಗೆಯುವುದರಿಂದ ನ್ಯುಮೋಕಾಕಲ್, ಮೆನಿಂಜೋಕಾಕಲ್, ಹಿಬ್ (ಹೀಮೊಫಿಲಸ್ ಇನ್‌ಫ್ಲುಯೆಂಜೆ ಬಿ) ಲಸಿಕೆಗಳನ್ನು ಆಪರೇಷನ್‌ಗೆ ಕನಿಷ್ಠ 2 ವಾರ ಮೊದಲೇ ಕೊಟ್ಟಿರಿ.