ಸಹಾಯ ಬೇಕು: ರೈಫಲ್‌ನ ಬೈಪಾಡ್‌ಗೆ ಥಟ್ಟನೆ ಕಳಚುವ ಮೌಂಟ್ ಯಾವುದು?

ಟೆಕ್ಸಾಸ್‌ನ ಕನ್ನಡಿಗ ಗುರಿಕಾರರಿಗೆ ನಮಸ್ಕಾರ. ನನ್ನ .308 ಬೋಲ್ಟ್ ಆ್ಯಕ್ಷನ್ ರೈಫಲ್‌ನ ಬೈಪಾಡ್ (ಮುಂಭಾಗವನ್ನು ಹೊರುವ ಎರಡು ಕಾಲಿನ ಆಸರೆ) ಈಗ ಸ್ಲಿಂಗ್ ಸ್ಟಡ್‌ಗೆ, ಅಂದರೆ ಹೆಗಲ ಪಟ್ಟಿ ಸಿಕ್ಕಿಸುವ ಗುಬುಟಿಗೆ, ಬಿಗಿದಿದೆ. ಮಲಗಿ ಹೊಡೆಯುವಾಗ ಭುಜದಿಂದ ಮುಂದಕ್ಕೆ ಒತ್ತಿದರೆ ಅಲುಗಾಡುತ್ತದೆ. ಪಂದ್ಯದ ನಡುವೆ ಬಿಚ್ಚುವುದಂತೂ ದೊಡ್ಡ ಹಿಂಸೆ.

ಪಿಕಟಿನಿ ರೈಲ್‌ನಲ್ಲಿ (ಬೈಪಾಡ್‌ನಂಥವನ್ನು ಕೂರಿಸುವ, ಅಡ್ಡ ಕಚ್ಚುಗಳಿರುವ ಪಟ್ಟಿ) ಕಚ್ಚುಗಳು ಸುಮಾರು 10 ಮಿ.ಮೀ.ಗೆ ಒಂದರಂತೆ ನಿಗದಿಯಾಗಿರುವುದರಿಂದ ಹಿಡಿತವನ್ನು ನಂಬಬಹುದು. ಆರ್ಕಾ ರೈಲ್ (ಕ್ಯಾಮೆರಾ ಟ್ರೈಪಾಡ್‌ಗಳಿಂದ ಬಂದ, ಓರೆ ಅಂಚಿನ ಉದ್ದ ಪಟ್ಟಿ) ಆದರೆ ಬೈಪಾಡನ್ನು ಬೇಕಾದಲ್ಲಿಗೆ ಸರಿಸಬಹುದು, ಟ್ರೈಪಾಡ್‌ಗೂ ಅದೇ ಸಾಕು. ನನ್ನ ಮನಸ್ಸು ಅತ್ತಲೇ ಇದೆ. ಆದರೆ ಅದರ ಅಗಲ ಒಬ್ಬೊಬ್ಬ ತಯಾರಕರಲ್ಲಿ ಕೂದಲೆಳೆಯಷ್ಟು ಬೇರೆ. ಗೆಳೆಯರೊಬ್ಬರ ರೈಲ್‌ಗೆ ಮತ್ತೊಬ್ಬರ ಲಿವರ್ ಕ್ಲ್ಯಾಂಪ್ ಹಾಕಿ ನೋಡಿದೆ, ಸಡಿಲವಾಗಿ ಕುಳಿತಿತು. ಗುಂಡು ತುಂಬಿದ ರೈಫಲ್ ಅದರ ಮೇಲಿರುವಾಗ ಅಂಥದ್ದನ್ನು ನಾನು ಒಪ್ಪಲಾರೆ.

ಲಿವರ್‌ನ ಬಿಗಿಯನ್ನು ಹೊಂದಿಸಬಲ್ಲ ಮೌಂಟ್ ಬಳಸಿದವರು ಇದ್ದೀರಾ? ನೂರಾರು ಸುತ್ತುಗಳ ನಂತರವೂ ಬಿಗಿ ಉಳಿಯಿತೇ? ಅಥವಾ ನಿಧಾನವಾದರೂ ತಿರುಪಿನ ಕ್ಲ್ಯಾಂಪೇ ಲೇಸೇ? ದಯವಿಟ್ಟು ತಿಳಿಸಿ.