‘ಡಾಮ್’ ಎಂಬ ಬಯಲು: ಚೌಕವೇ, ಕಟ್ಟೆಯೇ?

ಯೊಹಾನೆಸ್ ಲಿಂಗೆಲ್‌ಬಾಕ್ 1656ರಲ್ಲಿ ಬರೆದ, ಈಗ ಆಮ್‌ಸ್ಟರ್‌ಡಾಮ್ ಮ್ಯೂಸಿಯಂನ ಸಂಗ್ರಹದಲ್ಲಿರುವ ಒಂದು ತೈಲಚಿತ್ರಕ್ಕೆ ಕನ್ನಡದಲ್ಲಿ ಶೀರ್ಷಿಕೆಯನ್ನೂ ವಿವರಣೆಯನ್ನೂ ಸಿದ್ಧಪಡಿಸುತ್ತಿದ್ದೇನೆ. ಚಿತ್ರದಲ್ಲಿರುವುದು ಆ ನಗರದ ನಟ್ಟನಡುವಿನ ಬಯಲು. ಇಂಗ್ಲಿಷಿನವರು ಅದನ್ನು ‘ಡಾಮ್ ಸ್ಕ್ವೇರ್’ ಎನ್ನುತ್ತಾರೆ, ಡಚ್ಚರು ಬರಿಯ ‘ಡಾಮ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ಪ್ರಶ್ನೆ.

ಸುಮಾರು 2 ಮೀಟರ್ ಅಗಲದ ಈ ಚಿತ್ರದ ಎಡಭಾಗದಲ್ಲಿ, ಹಳೆಯ ಪುರಭವನ 1652ರಲ್ಲಿ ಸುಟ್ಟುಹೋಗಿದ್ದರಿಂದ ಕಾಮಗಾರಿ ಮುಗಿಯುವ ಮೊದಲೇ ಆಡಳಿತಕ್ಕೆ ತೆರೆದುಕೊಳ್ಳಬೇಕಾಗಿ ಬಂದ ಹೊಸ ಪುರಭವನ ಇನ್ನೂ ಸಾರುವೆ ಕಳಚದೆ ನಿಂತಿದೆ. ಬಯಲಿನಲ್ಲೇ ಸರಕು ತೂಗುವ ಕಟ್ಟಡವಿದೆ. ಮುಂದೆಲ್ಲ ವರ್ತಕರು, ಹೊರೆಯಾಳುಗಳು, ಮಾರುವವರು, ಕೊಳ್ಳುವವರು.

‘ಸ್ಕ್ವೇರ್’ ಎಂದೊಡನೆ ‘ಚೌಕ’ ಎಂದು ಬರೆಯುವುದು ರೂಢಿ. ವಿಜಯಪುರದ ಗಾಂಧಿ ಚೌಕವನ್ನು ಬಲ್ಲವರಿಗೆ ಅದು ಸಹಜವಾಗಿಯೇ ಕೇಳಿಸುತ್ತದೆ. ಆದರೆ ಮೈಸೂರಿನ ಕಡೆಯವರಿಗೆ ಚೌಕವೆಂದರೆ ಮೊದಲು ನೆನಪಾಗುವುದು ನಾಲ್ಕು ಸಮಬಾಹುಗಳ ಆಕೃತಿ; ಕರಾವಳಿಯಲ್ಲಿ ಅದಕ್ಕೆ ಹತ್ತಿರದ ‘ಚೌಕಿ’ ಯಕ್ಷಗಾನದ ಬಣ್ಣದ ಮನೆ. ‘ವೃತ್ತ’ವಾಗಲಿ ‘ಸರ್ಕಲ್’ ಆಗಲಿ ವಾಹನಗಳು ಸುತ್ತುವ ಜಾಗವನ್ನು ಸೂಚಿಸುವುದರಿಂದ 17ನೆಯ ಶತಮಾನದ ಚಿತ್ರಕ್ಕೆ ಒಗ್ಗುವುದಿಲ್ಲ. ಉಡುಪಿಯ ರಥಬೀದಿ ಹೆಸರಿಗೆ ಬೀದಿಯಾದರೂ ನೋಟಕ್ಕೆ ವಿಶಾಲವಾದ ಬಯಲೇ ಆಗಿದೆ. ಆದರೆ ಅದು ದೇವಾಲಯಗಳ ಸುತ್ತ ಬೆಳೆದ ಜಾಗ, ರಥದಿಂದಲೇ ಹೆಸರು ಪಡೆದದ್ದು.

ನನ್ನ ಮನಸ್ಸು ವಾಲುತ್ತಿರುವುದು ‘ಕಟ್ಟೆ’ಯ ಕಡೆಗೆ. ಡಚ್ಚಿನ ‘ಡಾಮ್’ ಮೂಲತಃ 13ನೆಯ ಶತಮಾನದಲ್ಲಿ ಆಮ್‌ಸ್ಟೆಲ್ ನದಿಗೆ ಅಡ್ಡಲಾಗಿ ಹಾಕಿದ ಒಡ್ಡು. ಆ ಒಡ್ಡಿನ ಮೇಲೆ ಜನ ಸೇರಿದರು, ವ್ಯಾಪಾರ ಸೇರಿತು, ಒಡ್ಡು ಅಗಲವಾಗುತ್ತ ಊರಿನ ಅಂಗಳವಾಯಿತು. ನಮ್ಮ ‘ಕಟ್ಟೆ’ಯೂ ಒಂದು ಕಡೆ ನೀರು ತಡೆಯುವ ಅಣೆಕಟ್ಟೆ, ಇನ್ನೊಂದು ಕಡೆ ಜನ ಕೂತು ಮಾತಾಡುವ ಅರಳಿಕಟ್ಟೆ. ನೀರಿನ ತಡೆಯನ್ನೂ ಜನರ ಕೂಟವನ್ನೂ ಒಂದೇ ಪದ ಹೊತ್ತಿರುವಾಗ ಅದನ್ನು ಬಿಟ್ಟು ‘ಚೌಕ’ಕ್ಕೆ ಹೋಗಲು ಮನಸ್ಸಾಗುವುದಿಲ್ಲ.

‘ಸುಂಕದಕಟ್ಟೆ’ ಎಂಬ ಬಳಕೆ ಈ ಒಲವನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಆಮ್‌ಸ್ಟರ್‌ಡಾಮಿನ ಹೆಸರು ಮೊದಲು ಕಾಣಿಸುವ 1275ರ ದಾಖಲೆಯಲ್ಲಿ, ಹಾಲೆಂಡ್ ಸೀಮೆಯನ್ನು ಆಳುತ್ತಿದ್ದ ಕೌಂಟ್ ಐದನೆಯ ಫ್ಲೋರಿಸ್ ಆ ಒಡ್ಡಿನ ಬಳಿ ನೆಲೆಸಿದ್ದವರಿಗೆ ಸುಂಕದಿಂದ ವಿನಾಯಿತಿ ಕೊಟ್ಟಿದ್ದಾನೆ. ಚಿತ್ರದಲ್ಲಿರುವ ‘ವಾಖ್’ ಎಂಬ ಕಟ್ಟಡದಲ್ಲಿ ವರ್ತಕರು ಸರಕನ್ನು ತೂಗಿಸಿ ನಗರಕ್ಕೆ ಶುಲ್ಕ ಕಟ್ಟುತ್ತಿದ್ದರು; 1565ರಲ್ಲಿ ಕಟ್ಟಿದ ಅದನ್ನು, ಪುರಭವನವನ್ನು ಅರಮನೆ ಮಾಡಿಕೊಂಡ ದೊರೆ ಲೂಯಿ ಬೋನಾಪಾರ್ಟ್, ತನ್ನ ನೋಟಕ್ಕೆ ಅಡ್ಡವಾಗುತ್ತದೆಂದು 1808ರಲ್ಲಿ ಕೆಡವಿಸಿದ. ಅದಕ್ಕೆ ‘ತೂಕದ ಚಾವಡಿ’ ಎಂದು ಬರೆದುಕೊಂಡಿದ್ದೇನೆ. ‘ಮನೆ’ ಎನ್ನುವುದಕ್ಕಿಂತ ‘ಚಾವಡಿ’ಯಲ್ಲಿ ಅಧಿಕಾರದ ಛಾಯೆ ಇದೆ.

ಆದರೆ ಒಂದು ಅಡಚಣೆ ಇದೆ. ಕಟ್ಟೆ ಎಂದರೆ ಇಂದಿನ ಓದುಗರ ಕಣ್ಣಿಗೆ ಕಟ್ಟುವುದು ಮರದ ಬುಡದ ಎತ್ತರದ ಜಗಲಿ. ಸಾವಿರಾರು ಜನ ಓಡಾಡುವ ಸಮತಟ್ಟಾದ ಬಯಲಲ್ಲ. ಆದ್ದರಿಂದ ಶೀರ್ಷಿಕೆಯಲ್ಲಿ ‘ಡಾಮ್ ಬಯಲು’ ಎಂದಿಟ್ಟು, ವಿವರಣೆಯಲ್ಲಿ ಕಟ್ಟೆಯ ಮಾತನ್ನು ತರಬಹುದೇ ಎಂದು ಯೋಚಿಸುತ್ತಿದ್ದೇನೆ.

ಗುಣವಾಚಕದ ವಿಷಯದಲ್ಲಿ ನನಗೆ ಸಂದೇಹವಿಲ್ಲ. ‘ಜನನಿಬಿಡ’ ಎನ್ನುವುದು ಜನಗಣತಿಯ ಮಾತಿನಂತಿದೆ. ಲಿಂಗೆಲ್‌ಬಾಕ್‌ನ ಜನಸಂದಣಿಗೆ ‘ಗಿಜಿಗುಡುವ’ ಎಂಬುದೇ ಸರಿ. 1670ರ ದಶಕದಲ್ಲಿ ಇದೇ ಡಾಮನ್ನು ಮತ್ತೆ ಮತ್ತೆ ಬರೆದ ಖೆರಿಟ್ ಬರ್ಕ್‌ಹೈಡೆಯ ಚಿತ್ರಗಳಿಗಾದರೆ ಆ ಪದ ಸಲ್ಲದು, ಏಕೆಂದರೆ ಅಲ್ಲಿ ಬಿಸಿಲು, ನೆರಳು ಮತ್ತು ಕಟ್ಟಡಗಳದೇ ಮೇಲುಗೈ.

ಗುಡಿಗಾಗಲಿ ಕೋಟೆಗಾಗಲಿ ಸೇರದ, ಸಂತೆಗೂ ಸಭೆಗೂ ಬಳಕೆಯಾಗುವ ಊರ ನಡುವಿನ ಬಯಲಿಗೆ ತಮ್ಮ ಸೀಮೆಯಲ್ಲಿ ಆಡುಮಾತಿನ ಹೆಸರಿದ್ದರೆ, ಅಂಥ ಬಯಲನ್ನು ‘ಕಟ್ಟೆ’ ಎಂದೇ ಕರೆಯುವ ಊರೇನಾದರೂ ಇದ್ದರೆ, ಬಲ್ಲವರು ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.