ಟೈಲ್ಸ್ ಕೂರಿಸೋ ಮುಂಚೆ ಎರಡು ವಿಡಿಯೋ ತರಿಸ್ಕೋ

ಹಾ ಪುಟ್ಟಾ, ನಿನ್ನ ಮೆಸೇಜ್ ಕೇಳಿದೆ. ನೀನು ಮಸ್ಕತ್‌ನಲ್ಲಿದೀಯ, ಮೈಸೂರಿನ ಮಹಡಿ ಮನೆ ಬಾಡಿಗೆಗೆ ಕೊಡೋಕೆ ಬಚ್ಚಲುಮನೆ ಒಡೆಸಿದೀಯ, ಮೇಸ್ತ್ರಿ ದಿನಾ ಫೋಟೋ ಕಳಿಸ್ತಾನೆ, ಅಷ್ಟು ಸಾಕಾ ಅಂತ ತಾನೆ? ಸಾಲದಪ್ಪಾ. ಬಣ್ಣ, ಬಾಗಿಲು ಕೆಟ್ಟರೆ ಊರಿಗೆ ಬಂದಾಗ ಸರಿಮಾಡಿಸ್ಬಹುದು. ಟೈಲ್ಸ್ ಹಿಂದೆ ಮುಚ್ಚಿಹೋಗೋದನ್ನ ಮಾತ್ರ ಈಗಲೇ ನೋಡ್ಬೇಕು.

ಮೊದಲನೇ ವಿಡಿಯೋ ಪೈಪಿಂದು. ಗೋಡೇಲಿ ಪೈಪ್ ಕೂರಿಸಿ, ಅಂಟು ಒಣಗೋಕೆ ಒಂದು ದಿನ ಬಿಟ್ಟು, ನಲ್ಲಿ ಬರೋ ಕಡೆಯೆಲ್ಲ ಡಮ್ಮಿ (ಬಾಯಿ ಮುಚ್ಚೋ ಬಿರಡೆ) ಹಾಕಿ, ಕೈಪಂಪಲ್ಲಿ ಸುಮಾರು 7 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಏರಿಸ್ಲಿ. ಮೀಟರ್ ಮುಳ್ಳು ಎರಡು ಗಂಟೆ ಇಳೀಬಾರದು. 'ಟ್ಯಾಂಕ್ ನೀರು ಬಿಟ್ಟು ನೋಡಿದ್ವಿ ಸಾರ್, ಸೋರಲ್ಲ' ಅಂತಾರೆ, ಒಪ್ಕೋಬೇಡ. ಟ್ಯಾಂಕು 10 ಅಡಿ ಮೇಲಿದ್ರೆ ಒತ್ತಡ ಬರೋದೇ 0.3 ಕೆಜಿ. ನಾಳೆ ಪ್ರೆಷರ್ ಪಂಪ್ ಹಾಕಿಸಿದ ದಿನ ಅರೆಬರೆ ಅಂಟಿರೋ ಎಲ್ಬೋ (ಪೈಪ್ ತಿರುಗೋ ಕಡೆ ಹಾಕೋ ಜೋಡಣೆ) ಬಿಟ್ಕೊಳುತ್ತೆ. ಗಾರೆ ಮುಚ್ಚೋ ಮುಂಚೆ ಪೈಪ್ ಎಲ್ಲೆಲ್ಲಿದೆ ಅಂತ ಕಾಣೋ ಹಾಗೆ ಗೋಡೆಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆಸಿಟ್ಕೋ, ಗೀಸರ್‌ಗೆ ತೂತು ಕೊರೆಯೋವಾಗ ಬೇಕಾಗುತ್ತೆ.

ಎರಡನೇದು, ಬಚ್ಚಲ ನೆಲದಲ್ಲಿ ನೀರು ತುಂಬಿ ನಿಲ್ಸಿ ಸೋರುತ್ತಾ ಅಂತ ನೋಡೋದು. ಮೂಲೆ ಸಂದಿ, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಕಿಂಡಿ) ಸುತ್ತ ಮೊದಲು ಗಾರೆ ತುಂಬಿ, ಆಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟು. ಒಂದು ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಗೋಡೆ ಮೇಲೆ ಒಂದಡಿ ಬರ್ಲಿ, ಶವರ್ ಕಡೆ ಆರಡಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಟ್ರ್ಯಾಪ್ ಬಾಯಿ ಬಿಗಿದು ಎರಡಿಂಚು ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಮಾರ್ಕರ್ ಗೆರೆ ಎಳೆಸು. 48 ಗಂಟೆ. ದಿನಕ್ಕೆರಡು ಸಲ ವಿಡಿಯೋ ಕಾಲ್ ಮಾಡು, ಮೊದಲು ಗೆರೆ, ಆಮೇಲೆ ಅದೇ ಕಾಲ್‌ನಲ್ಲಿ ಕೆಳಗಿನ ಮನೆ ಸೂರು ತೋರಿಸ್ಲಿ. ಕೂದಲೆಳೆಯಷ್ಟು ಇಳಿದ್ರೆ ಆವಿಯಾಗಿದ್ದು ಅನ್ನಬಹುದು, ಬೆರಳಷ್ಟು ಇಳಿದ್ರೆ ಸೋರಿಕೆನೇ. ಸಾಮಾನ್ಯವಾಗಿ ಟ್ರ್ಯಾಪ್ ಕುತ್ತಿಗೆ ಹತ್ರಾನೇ ಇರುತ್ತೆ. ಕೆಳಗಿನ ಸೂರಲ್ಲಿ ನೀರಿನ ಕಲೆ ಇದ್ರೆ ಅದಕ್ಕೆ ಈಗ್ಲೇ ಪುಟ್ಟಿ ಹಚ್ಚೋಕೆ ಬಿಡ್ಬೇಡ, ಹಸಿ ಮೇಲೆ ಹಚ್ಚಿದ ಪುಟ್ಟಿ ಹಪ್ಪಳದ ಥರ ಏಳುತ್ತೆ.

ಟೈಲ್ಸ್ ಲೆಕ್ಕ: ನಿನ್ನದು 5ಕ್ಕೆ 7 ಅಡಿ ಬಚ್ಚಲು. 7 ಅಡಿ ಎತ್ತರಕ್ಕೆ ಗೋಡೆ, ಬಾಗಿಲು ಕಳೆದು, ಸುಮಾರು 150 ಚದರಡಿ. 2ಕ್ಕೆ 1 ಅಡಿ ಟೈಲ್ಸ್ 75, ಒಡಕಿಗೆ ನೂರಕ್ಕೆ ಹತ್ತು ಸೇರಿಸಿ 83. ಬಾಕ್ಸಿಗೆ 5 ಅಂದ್ರೆ 17 ಬಾಕ್ಸ್, ಒಟ್ಟಿಗೇ ತರಿಸು. ಎಲ್ಲ ಬಾಕ್ಸ್ ಮೇಲೂ ಒಂದೇ ಬ್ಯಾಚ್ ನಂಬರ್ ಇರ್ಲಿ. ಆಮೇಲೆ ತಂದ ಒಂದು ಬಾಕ್ಸ್ ಬಣ್ಣದಲ್ಲಿ ಸೇರಲ್ಲ. ನೆಲಕ್ಕೆ 7 ಅಡಿಗೆ ಒಂದಿಂಚಾದ್ರೂ ವಾಟ ಕೊಡ್ಲಿ.

ವೈರಿಂಗ್‌ನಲ್ಲಿ ಗೀಸರ್‌ಗೆ 4 ಎಂಎಂ ವೈರು ಬೇರೆ ಲೈನು, ಮೇನ್ ಬೋರ್ಡಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್). ಇದರಲ್ಲಿ ಚೌಕಾಸಿ ಬೇಡ, ಒಳಗಿರೋದು ಬೇರೆಯವರ ಮಕ್ಕಳು.

ದುಡ್ಡು ವಾರಕ್ಕಿಷ್ಟು ಅಂತ ಹಾಕ್ಬೇಡ. ಪೈಪ್ ವಿಡಿಯೋ ಬಂದ್ಮೇಲೆ ಒಂದು ಕಂತು, ನೀರಿನ ವಿಡಿಯೋ ಬಂದ್ಮೇಲೆ ಇನ್ನೊಂದು. ಕೊನೇ ಹತ್ತು ಪರ್ಸೆಂಟ್ ಬಚ್ಚಲು ಒಂದು ತಿಂಗಳು ಬಳಸಿದ ಮೇಲೆ. ಮೇಸ್ತ್ರಿ ಸ್ವಲ್ಪ ಮುಖ ಊದಿಸ್ಕೋತಾನೆ, ಇರ್ಲಿ. ನೀರು ನಿಲ್ಸಿದ ವಿಡಿಯೋ ಬಂದ ತಕ್ಷಣ ಗ್ರೂಪಲ್ಲಿ ಹಾಕು, ನೋಡಿ ಹೇಳ್ತೀನಿ.